ನದಿ ದಡದ ಊರುಗಳು: ರೇಗೆನ್ಸ್‌ಬುರ್ಗ್‌ನಲ್ಲಿ ಒಂದು ಹಗಲು

ಭಾಗ 1

ಮೊದಲ ಫೋಟೋದಲ್ಲಿರೋ ಕಲ್ಲಿನ ಸೇತುವೆ ನೋಡಿ. ಜರ್ಮನಿಯ ರೇಗೆನ್ಸ್‌ಬುರ್ಗ್ ಊರಲ್ಲಿ ಡ್ಯಾನ್ಯೂಬ್ ನದಿಗೆ ಕಟ್ಟಿದ್ದು. ಕೆಲಸ ಶುರುವಾಗಿದ್ದು 1135ರಲ್ಲಿ, ಮುಗಿದದ್ದು 1146ರಲ್ಲಿ. ಮುಗಿದ ಮರುವರ್ಷವೇ ಎರಡನೇ ಕ್ರುಸೇಡ್‌ಗೆ ಹೊರಟ ಸೈನ್ಯ ಈ ಊರಿನ ಮೂಲಕ ಹೋಯ್ತು. 1189ರಲ್ಲಿ ಚಕ್ರವರ್ತಿ ಬಾರ್ಬರೋಸಾ ಮೂರನೇ ಕ್ರುಸೇಡ್‌ಗೆ ಹೊರಟಿದ್ದೂ ಇಲ್ಲಿಂದಲೇ.

ಕ್ರೂಸ್ ಹಡಗು ಬೆಳಗ್ಗೆ ನಿಲ್ಲುತ್ತೆ, ಸಂಜೆ ಹೊರಡುತ್ತೆ. ಮಧ್ಯದಲ್ಲಿ ಸಿಗೋ ಏಳೆಂಟು ಗಂಟೆಯಲ್ಲಿ ಗೈಡ್ ತೋರಿಸೋ ಪಟ್ಟಿ ಹೆಚ್ಚುಕಮ್ಮಿ ಒಂದೇ. ಸೇತುವೆ, ಅದರ ಪಕ್ಕದ ಹಳೆ ಉಪ್ಪಿನ ಗೋದಾಮು, ಗೋದಾಮಿನ ಪಕ್ಕ ಸಾಸೇಜ್ ಸುಡೋ ಪುಟ್ಟ ಹೋಟೆಲು, ರೋಮನ್ನರ ಕಾಲದ ಕಲ್ಲಿನ ಬಾಗಿಲು, ಎರಡು ಗೋಪುರದ ಕೆಥೀಡ್ರಲ್. ರೋಮನ್ ಬಾಗಿಲು ಚಿಕ್ಕ ಮಾತಲ್ಲ. ಮಾರ್ಕಸ್ ಅರೇಲಿಯಸ್ ಕಾಲದಲ್ಲಿ, ಕ್ರಿ.ಶ. 179ರಲ್ಲಿ ಇಲ್ಲಿ ಸೈನ್ಯದ ಕೋಟೆ ಎದ್ದಿತ್ತು. ಎರಡನೇ ಮಹಾಯುದ್ಧದಲ್ಲಿ ಬೇರೆ ಜರ್ಮನ್ ಊರುಗಳು ಬಾಂಬಿಗೆ ಪುಡಿಯಾದರೂ ಇಲ್ಲಿಯ ಹಳೆ ಪೇಟೆ ಬಹುಪಾಲು ಉಳಿದುಕೊಂಡಿತು. 2006ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಇಷ್ಟೆಲ್ಲಾ ನಿಮಗೆ ಯಾವ ರೀಲ್‌ನಲ್ಲಾದರೂ ಸಿಗುತ್ತೆ. ನಾನು ಬರೀಬೇಕು ಅಂದುಕೊಂಡಿರೋದು ಆ ಪಟ್ಟಿಯಲ್ಲಿ ಐದು ನಿಮಿಷದಲ್ಲಿ ಮುಗಿಸಿಬಿಡೋ ಒಂದು ಚೌಕದ ಬಗ್ಗೆ. ಹೆಸರು ನಾಯ್‌ಫಾರ್‌ಪ್ಲಾಟ್ಸ್. ಮೂರನೇ ಫೋಟೋ ನೋಡಿ: ಮಧ್ಯದಲ್ಲಿ ಒಂದು ಚರ್ಚು, ಸುತ್ತ ಅಂಗಡಿಗಳು, ಪಕ್ಕದಲ್ಲಿ ಬಿಳಿ ಬಣ್ಣದ ತಗ್ಗು ಕಟ್ಟೆಗಳು. ಕಟ್ಟೆ ಮೇಲೆ ಕೂತು ಜನ ಐಸ್‌ಕ್ರೀಂ ತಿಂತಿದ್ದಾರೆ, ಮಕ್ಕಳು ಹತ್ತಿ ಇಳೀತಿದ್ದಾರೆ. ಆ ಕಟ್ಟೆಗಳು ಬರೀ ಬೆಂಚಲ್ಲ.

ಭಾಗ 2

ಬಿಕಾಂ ಓದೋರಿಗೆ ಈ ಕಥೆ ಬೇಗ ಅರ್ಥವಾಗುತ್ತೆ, ಯಾಕಂದ್ರೆ ಇದು ಸಾಲದ ಕಥೆಯೂ ಹೌದು.

ಈ ಚೌಕ ಇರೋ ಜಾಗದಲ್ಲಿ ಮೊದಲು ಯಹೂದಿಗಳ ಕೇರಿ ಇತ್ತು. 10ನೇ ಶತಮಾನದಿಂದಲೂ ಅವರು ಈ ಊರಲ್ಲಿದ್ದರು. ದೊಡ್ಡ ವಿದ್ಯಾಕೇಂದ್ರ; ಯಹೂದಿ ಧರ್ಮದ ಹೆಸರಾಂತ ಗುರು ಯೆಹೂದಾ ಹೆಹಾಸಿದ್ ಇಲ್ಲೇ ನೆಲೆಸಿ 1217ರಲ್ಲಿ ತೀರಿಕೊಂಡರು. ಆಗ ಊರಿಗೂ ಒಳ್ಳೆ ಕಾಲ. ವೆನಿಸ್, ಪ್ರಾಗ್, ಕೀವ್ ತನಕ ಇಲ್ಲಿನ ವ್ಯಾಪಾರಿಗಳ ಓಡಾಟ. ಅವರು ಕಟ್ಟಿಸಿದ ಎತ್ತರದ ಗೋಪುರದ ಮನೆಗಳು ಇವತ್ತಿಗೂ ಗಲ್ಲಿಗಳಲ್ಲಿ ನಿಂತಿವೆ. ನಿನ್ನದಕ್ಕಿಂತ ನನ್ನದು ಎತ್ತರ ಅನ್ನೋ ಪೈಪೋಟಿ ಅಷ್ಟೇ, ಮೇಲಿನ ಮಹಡಿಗಳಲ್ಲಿ ಎಷ್ಟೋ ಸಲ ಯಾರೂ ವಾಸವೇ ಇರಲಿಲ್ಲ.

ಆಮೇಲೆ ವ್ಯಾಪಾರ ನ್ಯೂರೆಂಬರ್ಗ್, ಆಗ್ಸ್‌ಬರ್ಗ್ ಕಡೆ ಸರಿಯಿತು. ಊರು ಎಷ್ಟು ದಿವಾಳಿಯಾಯಿತು ಅಂದ್ರೆ, 1486ರಲ್ಲಿ ತನ್ನ ಸ್ವಾತಂತ್ರ್ಯ ಬಿಟ್ಟು ಬವೇರಿಯಾದ ಡ್ಯೂಕ್ ಕೈಕೆಳಗೆ ಹೋಯಿತು. 1492ರಲ್ಲಿ ಚಕ್ರವರ್ತಿ ಒತ್ತಾಯದಿಂದ ವಾಪಸ್ ತಂದ. ಆದಾಯ ಮಾತ್ರ ವಾಪಸ್ ಬರಲಿಲ್ಲ.

ಕ್ರೈಸ್ತರು ಬಡ್ಡಿಗೆ ಸಾಲ ಕೊಡೋದು ಪಾಪ ಅಂತ ಚರ್ಚು ಹೇಳುತ್ತಿತ್ತು. ಕುಶಲಕರ್ಮಿಗಳ ಸಂಘಗಳು ಯಹೂದಿಗಳನ್ನ ಒಳಗೆ ಸೇರಿಸ್ತಿರಲಿಲ್ಲ. ಹಾಗಾಗಿ ಅವರಲ್ಲಿ ಎಷ್ಟೋ ಜನಕ್ಕೆ ಉಳಿದಿದ್ದ ಕಸುಬು ಅಂದ್ರೆ ಸಾಲ ಕೊಡೋದು. ಅವರಿಗೆ ರಕ್ಷಣೆ ಕೊಡ್ತಿದ್ದೋನು ಚಕ್ರವರ್ತಿ. ಪ್ರೀತಿಯಿಂದೇನಲ್ಲ, ಅವರು ಕಟ್ಟೋ ತೆರಿಗೆ ಅವನಿಗೆ ಬೇಕಿತ್ತು. 1476ರಲ್ಲಿ ಮಗುವನ್ನ ಕೊಂದರು ಅನ್ನೋ ಸುಳ್ಳು ಆರೋಪ ಹೊರಿಸಿ ಊರಿನವರು 17 ಯಹೂದಿಗಳನ್ನ ಜೈಲಿಗೆ ಹಾಕಿದರು. ಬಿಡಿಸಿದ್ದೂ ಚಕ್ರವರ್ತಿಯೇ, ಅದಕ್ಕೂ ವರ್ಷಗಳು ಹಿಡಿದವು. ಒಬ್ಬನ ಜೀವದ ಮೇಲೆ ನಿಂತ ರಕ್ಷಣೆ ಅದು. ಅವನು ಸತ್ತರೆ?

ಭಾಗ 3

1519 ಜನವರಿ 12. ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಸತ್ತ. ಹೊಸಬನ ಆಯ್ಕೆ ಇನ್ನೂ ಆಗಿಲ್ಲ. ಕೆಥೀಡ್ರಲ್‌ನಲ್ಲಿ ಪ್ರವಚನ ಮಾಡುತ್ತಿದ್ದ ಬಾಲ್ತಸಾರ್ ಹುಬ್‌ಮಾಯರ್ ಯಹೂದಿಗಳ ವಿರುದ್ಧ ವರ್ಷಗಳಿಂದ ಜನರನ್ನ ಕೆರಳಿಸುತ್ತಲೇ ಇದ್ದ. ಆರು ವಾರ ಕೂಡ ಕಾಯಲಿಲ್ಲ. ಫೆಬ್ರವರಿ 21ರಂದು ನಗರಸಭೆ ತೀರ್ಮಾನ ಮಾಡಿತು: ಎಲ್ಲ ಯಹೂದಿಗಳೂ ಕೆಲವೇ ದಿನಗಳಲ್ಲಿ ಊರು ಬಿಡಬೇಕು.

ಸುಮಾರು 500 ಜನ, ಜೊತೆಗೆ ಹೊರಗಿನಿಂದ ಓದೋಕೆ ಬಂದಿದ್ದ ವಿದ್ಯಾರ್ಥಿಗಳು. ನಮ್ಮ ವಯಸ್ಸಿನ ಹುಡುಗರೇ ಇರಬೇಕು. ಅದೂ ಚಳಿಗಾಲ. ಕೆಲವರು ನದಿಯ ಆ ಕಡೆ ದಡದ ಸ್ಟಾಟ್‌ಆಮ್‌ಹೋಫ್‌ನಲ್ಲಿ ನೆಲೆ ಹುಡುಕಿಕೊಂಡರು. ಅದು ಈ ನಗರಸಭೆಗೆ ಸೇರಿದ ಜಾಗವಲ್ಲ, ಬವೇರಿಯಾ. ನಡುವೆ ಇರೋದು ಮೊದಲ ಫೋಟೋದಲ್ಲಿರೋ ಅದೇ ಸೇತುವೆ.

ಸಿನಗಾಗ್ ಒಡೆದು ಹಾಕಿದರು. ಸ್ಮಶಾನವನ್ನೂ ಬಿಡಲಿಲ್ಲ. ಸಮಾಧಿ ಕಲ್ಲುಗಳನ್ನ ಕಿತ್ತು ಮನೆ ಕಟ್ಟೋಕೆ ಬಳಸಿದರು. ಹಳೆ ಪೇಟೆಯ ಕೆಲವು ಗೋಡೆಗಳಲ್ಲಿ ಹೀಬ್ರೂ ಅಕ್ಷರದ ಕಲ್ಲುಗಳು ಇವತ್ತಿಗೂ ಕಾಣುತ್ತವೆ.

ಸಾಲ ಕೊಟ್ಟವನನ್ನೇ ಊರಿಂದ ಓಡಿಸಿದರೆ ಸಾಲದ ಪುಸ್ತಕ ಏನಾಗುತ್ತೆ ಅಂತ ನಮ್ಮ ಕ್ಲಾಸಿನಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಧರ್ಮದ ಕೋಪ ನಿಜವೇ ಇತ್ತು. ಆದರೆ ಆ ಕೋಪಕ್ಕೆ ಮುಹೂರ್ತ ಇಟ್ಟಿದ್ದು ಲೆಕ್ಕಾಚಾರ ಅಂತಲೇ ನನ್ನ ಅನಿಸಿಕೆ. ಇಲ್ಲದಿದ್ದರೆ ಸಿಂಹಾಸನ ಖಾಲಿಯಾಗೋ ತನಕ ಕಾಯೋದೇಕೆ?

ಆರನೇ ಫೋಟೋ ಒಂದು ಎಚ್ಚಿಂಗ್. ಅಂದ್ರೆ ಲೋಹದ ತಗಡನ್ನ ಆಮ್ಲದಲ್ಲಿ ಕೊರೆದು ಅಚ್ಚು ಹಾಕಿದ ಚಿತ್ರ. ಆ ಸಿನಗಾಗ್ ಒಳಗಿನ ಕಂಬಗಳು, ಕಮಾನುಗಳು, ಮಂದ ಬೆಳಕು. ಎಷ್ಟು ಶಾಂತವಾಗಿದೆ ಅಲ್ವಾ? ಬಿಡಿಸಿದವನು ಆಲ್ಬ್ರೆಕ್ಟ್ ಆಲ್ಟ್‌ಡಾರ್ಫರ್, ಈ ಊರಿನ ದೊಡ್ಡ ಚಿತ್ರಕಾರ. ಒಡೆಯೋ ಮುಂಚೆ ಹೋಗಿ ನೋಡಿ ಬರೆದುಕೊಂಡದ್ದು. ಇದನ್ನ ಮೊದಲು ನೋಡಿದಾಗ, ಪಾಪ ಯಾರೋ ಒಬ್ಬನಿಗಾದರೂ ಮನಸ್ಸು ಮರುಗಿರಬೇಕು ಅಂತ ಅನ್ನಿಸುತ್ತೆ. ಆದರೆ ಆಲ್ಟ್‌ಡಾರ್ಫರ್ ನಗರಸಭೆಯ ಸದಸ್ಯ. ಚಿತ್ರದ ಮೇಲೆ ಲ್ಯಾಟಿನ್‌ನಲ್ಲಿ ಬರೆದಿರೋದು, ದೇವರ ನ್ಯಾಯವಾದ ತೀರ್ಪಿನಂತೆ ಇದು ಬುಡಸಮೇತ ನಾಶವಾಯಿತು ಅನ್ನೋ ಅರ್ಥದ ಮಾತು. ಆ ಕಟ್ಟಡ ಹೇಗಿತ್ತು ಅಂತ ಇವತ್ತು ನಮಗೆ ಗೊತ್ತಾಗೋದು ಅದನ್ನ ಕೆಡವಿದವರಲ್ಲೊಬ್ಬನ ಕೈಯಿಂದ.

ಭಾಗ 4

ಇಲ್ಲಿಂದ ಕಥೆ ಪೂರ್ತಿ ಮಾರ್ಕೆಟಿಂಗ್ ಕಡೆ ತಿರುಗುತ್ತೆ.

ಒಡೆಯುವಾಗ ಒಬ್ಬ ಕಲ್ಲುಕೆಲಸದವನು ಬಿದ್ದು ಜೋರಾಗಿ ಪೆಟ್ಟು ಮಾಡಿಕೊಂಡ. ಸತ್ತೇಹೋಗ್ತಾನೆ ಅಂದುಕೊಂಡಿದ್ದವನು ಬೇಗನೇ ಎದ್ದು ಓಡಾಡಿದ. ಮೇರಿ ಮಾತೆಯ ಪವಾಡ ಅಂತ ಸುದ್ದಿ ಹಬ್ಬಿತು. ಕೆಲವೇ ವಾರದಲ್ಲಿ ಅದೇ ಜಾಗದಲ್ಲಿ ಮರದ ಚಾಪೆಲ್ ಎದ್ದಿತು. ಭಕ್ತರು ನುಗ್ಗಿ ಬಂದರು. ಬಂದವರಿಗೆ ಸೀಸದ, ಬೆಳ್ಳಿಯ ಪದಕ ಮಾರಾಟ. 1520 ಒಂದೇ ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪದಕ ಹೋದವು. ಆದಾಯ ಯಾರಿಗೆ ಸೇರಬೇಕು ಅಂತ ನಗರಸಭೆಗೂ ಬಿಷಪ್‌ಗೂ ಜಗಳ ಬೇರೆ. ಮಾರ್ಟಿನ್ ಲೂಥರ್ ಅದೇ ವರ್ಷ ಇಂಥ ಯಾತ್ರೆಗಳನ್ನ ಬೈದು ಬರೆದಾಗ ಈ ಊರಿನ ಹೆಸರನ್ನೂ ಸೇರಿಸಿದ.

ಹುಚ್ಚು ಐದಾರು ವರ್ಷದಲ್ಲಿ ಇಳಿಯಿತು. ದುಡ್ಡು ಬರುತ್ತೆ ಅಂತ ಭರ್ಜರಿ ಕಲ್ಲಿನ ಚರ್ಚಿಗೆ ಪ್ಲಾನ್ ಹಾಕಿದ್ದರು, ಅದು ಅರ್ಧಕ್ಕೆ ನಿಂತಿತು. 1542ರಲ್ಲಿ ಊರು ಪ್ರಾಟೆಸ್ಟಂಟ್ ಆಯಿತು, ಮೇರಿಗಾಗಿ ಎದ್ದ ಚರ್ಚು ಲೂಥರ್ ಅನುಯಾಯಿಗಳ ಪಾಲಾಯಿತು. ಚೌಕದ ಮಧ್ಯ ಇರೋದು ಅದೇ. ಇನ್ನು ಹುಬ್‌ಮಾಯರ್? ಅವನು ಮನಸ್ಸು ಬದಲಾಯಿಸಿ ಅನಾಬ್ಯಾಪ್ಟಿಸ್ಟ್ ಪಂಥ ಸೇರಿದ. ಧರ್ಮದ್ರೋಹಿ ಅಂತ 1528ರಲ್ಲಿ ವಿಯೆನ್ನಾದಲ್ಲಿ ಅವನನ್ನ ಜೀವಂತ ಸುಟ್ಟರು.

1995ರಿಂದ ಚೌಕವನ್ನ ಅಗೆದಾಗ ಕೆಳಗೆ ಆ ಕೇರಿಯ ನೆಲಮಾಳಿಗೆಗಳು, ಸಿನಗಾಗ್‌ನ ಅಡಿಪಾಯ, ಯಾರೋ ಬಚ್ಚಿಟ್ಟಿದ್ದ 600ಕ್ಕೂ ಹೆಚ್ಚು ಚಿನ್ನದ ನಾಣ್ಯ ಸಿಕ್ಕವು. ಐಸ್‌ಕ್ರೀಂ ಕಟ್ಟೆಗಳ ವಿಷಯಕ್ಕೆ ಬಂದೆ: ಅದು ಸಿನಗಾಗ್‌ನ ನಕ್ಷೆ. ಇಸ್ರೇಲಿನ ಶಿಲ್ಪಿ ದಾನಿ ಕರವಾನ್ 2005ರಲ್ಲಿ ಅದೇ ಜಾಗದಲ್ಲಿ ಬಿಳಿ ಕಾಂಕ್ರೀಟಿನಲ್ಲಿ ಮಾಡಿದ್ದು. ಜನ ಕೂರಲಿ ಅಂತಲೇ ಮಾಡಿರೋದು, ಹಾಗಾಗಿ ಕೂತರೆ ತಪ್ಪಿಲ್ಲ, ನಾನೂ ಕೂತೆ. ಕಂಬಗಳ ಬುಡ ಕಾಣುತ್ತೆ. ಫೋನಲ್ಲಿ ಆಲ್ಟ್‌ಡಾರ್ಫರ್ ಚಿತ್ರ ತೆಗೆದು ಪಕ್ಕದಲ್ಲಿ ಹಿಡಿದರೆ ಕಂಬ ಕಂಬಕ್ಕೆ ತಾಳೆ ಹಾಕಬಹುದು.

ಯಹೂದಿಗಳು ಮುಂದೆ ಈ ಊರಿಗೆ ಮರಳಿದರು. 1912ರಲ್ಲಿ ಬೇರೆ ಜಾಗದಲ್ಲಿ ಹೊಸ ಸಿನಗಾಗ್ ಕಟ್ಟಿದರು. 1938ರ ನವೆಂಬರ್‌ನಲ್ಲಿ ನಾಜಿಗಳು ಅದನ್ನೂ ಸುಟ್ಟರು. ಆ ಜಾಗದಲ್ಲಿ ಮತ್ತೊಂದು ಸಿನಗಾಗ್ ಬಾಗಿಲು ತೆರೆದದ್ದು 2019 ಫೆಬ್ರವರಿಯಲ್ಲಿ. ಓಡಿಸಿ ಸರಿಯಾಗಿ 500 ವರ್ಷ. ಚೌಕದಿಂದ ನಡೆದೇ ಹೋಗಬಹುದು. ಹಡಗಿನ ಟೈಮ್ ನೋಡ್ಕೊಂಡು ಹೋಗಿ.

ಮುಂದಿನ ಪೋಸ್ಟ್ ಪಸ್ಸಾವ್, ಮೂರು ನದಿ ಸೇರೋ ಊರು. ಈ ಊರಿಗೆ ಉಪ್ಪು ಬರ್ತಿದ್ದ ದಾರಿ ಅದೇ.