ಗ್ಯಾರೇಜಿನಲ್ಲಿ ಹುಟ್ಟಿದ ಕಾರು

ಚಾರ್ಮಾಡಿ ಘಾಟಿಯಲ್ಲಿ ಹೋಗುವ ವಾಹನಗಳು ಅಣ್ಣಪ್ಪ ಸ್ವಾಮಿಯ ಗುಡಿಯೆದುರು ಒಂದು ಗಳಿಗೆ ನಿಲ್ಲುವುದು ವಾಡಿಕೆ. ಕೈಮುಗಿದು, ಕಾಣಿಕೆ ಹಾಕಿ ಮುಂದೆ ಹೋಗುತ್ತಾರೆ. ನಾನು ಚಿಕ್ಕವನಿದ್ದಾಗ ಮಾವನ ಅಂಬಾಸಿಡರ್ ದಾರಿಯಲ್ಲಿ ನಿಲ್ಲುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಏರು ಹತ್ತಿ ಎಂಜಿನ್ ಕಾಯ್ದಿರುತ್ತಿತ್ತು. ಮಾವ ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದರು. ಬಿಸಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾದರೆ ಕಾರ್ಬೊರೇಟರಿಗೆ ಮುಟ್ಟುವುದಿಲ್ಲ ಎಂದು ನಾನು ಕಲಿತದ್ದು ಹೀಗೆ, ಪುಸ್ತಕದಿಂದಲ್ಲ.

ಕೆಲವು ತಿಂಗಳ ಹಿಂದೆ ಮಾವನ ಜೊತೆ ಧರ್ಮಸ್ಥಳಕ್ಕೆ ಹೋಗಿದ್ದೆ. ಚಾರ್ಮಾಡಿಯಿಂದ ಕಕ್ಕಿಂಜೆ, ಮುಂಡಾಜೆ, ಉಜಿರೆಯ ಮೇಲೆ ಹೋದರೆ ಅಲ್ಲಿಗೆ ತಲುಪುತ್ತೇವೆ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಹಳೆಯ ಕಾರುಗಳ ಸಂಗ್ರಹ ಅಲ್ಲಿದೆ. ನಾನು ಫಲಕಗಳನ್ನು ಓದುತ್ತಾ ಹೋದೆ. ಮಾವ ಫಲಕ ಓದಲಿಲ್ಲ. ಬಗ್ಗಿ ಕಾರುಗಳ ಅಡಿಭಾಗ ನೋಡುತ್ತಿದ್ದರು. "ಇದನ್ನೆಲ್ಲ ಈಗ ರಿಪೇರಿ ಮಾಡುವವರು ಯಾರು ಮಾರಾಯ?" ಎಂದು ಕೇಳಿದರು. ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಮನೆಗೆ ಬಂದು ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಚರಿತ್ರೆಯನ್ನು ಆ ಪ್ರಶ್ನೆಯ ಕಡೆಯಿಂದ ಓದತೊಡಗಿದಾಗ ಅದು ಬೇರೆಯೇ ಕಥೆಯಾಗಿ ಕಂಡಿತು.

ಈ ಕಾರುಗಳಲ್ಲಿ ಬಹಳ ಹೆಸರಾದದ್ದು ಎಂಜಿ. ಎಂಜಿ ಎಂದರೆ ಮಾರಿಸ್ ಗ್ಯಾರೇಜಸ್. ಕಾರು ತಯಾರಕ ವಿಲಿಯಂ ಮಾರಿಸ್ ಆಕ್ಸ್‌ಫರ್ಡಿನಲ್ಲಿ ನಡೆಸುತ್ತಿದ್ದ ಮಾರಾಟ ಮತ್ತು ರಿಪೇರಿಯ ಸಂಸ್ಥೆ ಅದು. 1922ರಲ್ಲಿ ಅದರ ಜನರಲ್ ಮ್ಯಾನೇಜರ್ ಆದ ಸೆಸಿಲ್ ಕಿಂಬರ್ ಸಾಧಾರಣ ಮಾರಿಸ್ ಕಾರಿನ ಚಾಸಿಗೆ ಚಂದದ ಬೇರೆ ಬಾಡಿ ಕೂರಿಸಿ ಮಾರತೊಡಗಿದರು. ಸ್ಪೋರ್ಟ್ಸ್ ಕಾರೆಂದರೆ ಶ್ರೀಮಂತರ ಷೋಕಿ ಎಂದುಕೊಂಡಿದ್ದ ನನಗೆ ಇದು ಆಶ್ಚರ್ಯವೇ. ಅದರ ಹುಟ್ಟು ಗ್ಯಾರೇಜಿನಲ್ಲಿ. ಒಳಗಿನ ಭಾಗಗಳು ಸಂಸಾರಸ್ಥರ ಕಾರಿನವು. ಆದ್ದರಿಂದಲೇ ಕೆಟ್ಟರೆ ಮನೆಯಲ್ಲೂ ಸರಿಮಾಡಿಕೊಳ್ಳಬಹುದಿತ್ತು. ಎಂಜಿನ್ನಿನ ಹೆಡ್ ಬಿಚ್ಚಿ ಇಂಗಾಲ ಕೆರೆಯುವುದು, ವಾಲ್ವ್ ಅರೆದು ಕೂರಿಸುವುದು ಮುಂತಾದವನ್ನೂ ಆ ಕಾಲದ ಕೈಪಿಡಿಗಳು ಮಾಲೀಕನೇ ಮಾಡುವ ಕೆಲಸಗಳೆಂಬಂತೆ ವಿವರಿಸುತ್ತಿದ್ದವು.

ಹಾಗೆಂದು ಅದು ಸಲೀಸಾದ ಕೆಲಸವಲ್ಲ. ಬ್ರಿಟನ್ನಿನ ಹಳೆಯ ಯಂತ್ರಗಳ ಬೋಲ್ಟುಗಳಿಗೆ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಅಳತೆ ಆಧಾರ. ವಿಟ್‌ವರ್ತ್ ಸ್ಪ್ಯಾನರಿನ ಮೇಲೆ ಕಾಲು ಇಂಚು ಎಂದು ಬರೆದಿದ್ದರೆ ಅದು ಬೋಲ್ಟಿನ ದಪ್ಪ. ಸ್ಪ್ಯಾನರಿನ ಬಾಯಿ ಅದಕ್ಕಿಂತ ಎಷ್ಟೋ ಅಗಲ. 1945ರಿಂದ 1949ರವರೆಗೆ ತಯಾರಾದ ಎಂಜಿ ಟಿಸಿ ಕಾರಿನ ಎಂಜಿನ್ನಂತೂ ಇನ್ನೂ ವಿಚಿತ್ರ. ಬೋಲ್ಟಿನ ತಲೆಗೆ ವಿಟ್‌ವರ್ತ್ ಸ್ಪ್ಯಾನರ್ ಕೂರುತ್ತದೆ, ಆದರೆ ಅದರ ಥ್ರೆಡ್ಡು ಮಿಲಿಮೀಟರ್ ಲೆಕ್ಕದ್ದು. ಕಾರಣ ಹುಡುಕಿದರೆ ಸಿಗುವುದು ಚರಿತ್ರೆಯೇ. ಮಾರಿಸ್ 1923ರಲ್ಲಿ ಕೊಂಡ ಕವೆಂಟ್ರಿಯ ಎಂಜಿನ್ ಕಾರ್ಖಾನೆ ಅದಕ್ಕೂ ಮೊದಲು ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯದಾಗಿತ್ತು. ಫ್ರೆಂಚ್ ಅಳತೆಯ ಯಂತ್ರಗಳು ಅಲ್ಲೇ ಉಳಿದವು. ಹಾಗಾಗಿ ಬೋಲ್ಟಿನ ತಲೆ ಇಂಗ್ಲಿಷರದು, ಮೈ ಫ್ರೆಂಚರದು. ಇದನ್ನು ತಿಳಿಯದವರು ಬೇರೆ ಬೋಲ್ಟು ತಂದು ಬಲವಂತವಾಗಿ ತಿರುಗಿಸಿದರೆ ಥ್ರೆಡ್ಡು ಹಾಳಾಗಿಹೋಗುತ್ತದೆ.

ಈ ಕಥೆಗೂ ಚಾರ್ಮಾಡಿ ಹತ್ತಿದ ಮಾವನ ಕಾರಿಗೂ ಏನು ಸಂಬಂಧ? ನೆಂಟಸ್ತನವೇ ಇದೆ. 1942ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಮೋಟರ್ಸ್ ಕಂಪನಿಯ ಅಂಬಾಸಿಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್. ಅದಕ್ಕೆ ದೀರ್ಘಕಾಲ ಇದ್ದದ್ದು 1489 ಸಿಸಿಯ ಬಿಎಂಸಿ ಎಂಜಿನ್. 1955ರಲ್ಲಿ ಬಂದ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದೂ ಅದೇ ಅಳತೆಯ, ಅದೇ ಕುಟುಂಬದ ಎಂಜಿನ್. ಆಕ್ಸ್‌ಫರ್ಡಿಗೆ ಒಂದು ಕಾರ್ಬೊರೇಟರ್, ಎಂಜಿಎಗೆ ಎರಡು. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಹೀಗೆಯೇ. ಅದರ ಮೂಲವಾದ ಟ್ರಯಂಫ್ ಹೆರಾಲ್ಡಿನಿಂದಲೇ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹುಟ್ಟಿತು. ಸ್ವಾತಂತ್ರ್ಯಾನಂತರ ಆಮದಿನ ಮೇಲೆ ಬಿಗಿ ನಿರ್ಬಂಧವಿದ್ದ ದಶಕಗಳಲ್ಲಿ, ಈ ದೇಶದಲ್ಲಿ ಉಳಿದ ಇಂಥ ಕಾರುಗಳಿಗೆ ಬಾಡಿಗೆ ಕಾರುಗಳ ಗ್ಯಾರೇಜುಗಳೇ ಹತ್ತಿರದ ಬಂಧುಗಳು.

ಎರಡು ಕಾರ್ಬೊರೇಟರ್ ಹೊಂದಿಸುವ ವಿಧಾನವನ್ನು ಓದಿ ಮಾವನಿಗೆ ವಿವರಿಸಿದೆ. ಎಸ್‌ಯು ಕಾರ್ಬೊರೇಟರಿನಲ್ಲಿ ಗಾಳಿಯ ಎಳೆತಕ್ಕೆ ಒಂದು ಪಿಸ್ಟನ್ ಏಳುತ್ತದೆ. ಅದರ ತುದಿಯ ಚೂಪು ಸೂಜಿ ಜೆಟ್ಟಿನಿಂದ ಮೇಲೆದ್ದಷ್ಟೂ ಪೆಟ್ರೋಲು ಹೆಚ್ಚು ಹೋಗುತ್ತದೆ. ಎರಡೂ ಒಂದೇ ಸಮ ಗಾಳಿ ಎಳೆಯಬೇಕು. ಅದನ್ನು ತಿಳಿಯಲು ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬೊರೇಟರಿನ ಬಾಯಿಗೂ ಹಿಡಿದು, ಎರಡರ ಸುಯ್ ಶಬ್ದವನ್ನು ಹೋಲಿಸುತ್ತಾರೆ. ಜೀವಮಾನದಲ್ಲಿ ಒಂದು ಎಂಜಿಯ ಬಾನೆಟ್ಟನ್ನೂ ಎತ್ತದ ಮಾವ, "ಅದು ಕಿವಿಯ ಕೆಲಸ, ಮಾಡಬಹುದು" ಎಂದರು.

ಅಂಬಾಸಿಡರ್ ತಯಾರಿ 2014ರಲ್ಲಿ ನಿಂತಿತು. ಸಂಗ್ರಹಾಲಯಗಳು ಕಾರುಗಳನ್ನು ಉಳಿಸುತ್ತವೆ, ಅದು ದೊಡ್ಡ ಕೆಲಸವೇ. ಆದರೆ ಅವನ್ನು ಓಡಿಸಿದ ಕಿವಿ ಮತ್ತು ಕೈಗಳನ್ನು ಗಾಜಿನ ಪೆಟ್ಟಿಗೆಯಲ್ಲಿಡಲು ಬರುವುದಿಲ್ಲ. ನಾವು ಶಾಸನಗಳ ಪಡಿಯಚ್ಚು ತೆಗೆಯುತ್ತೇವೆ, ಪಾಡ್ದನಗಳನ್ನು ಧ್ವನಿಮುದ್ರಿಸಿಕೊಳ್ಳುತ್ತೇವೆ. ಗ್ಯಾರೇಜಿನ ಹಿರಿಯರ ಮುಂದೆ ನೋಟ್‌ಬುಕ್ ಹಿಡಿದು ಕೂತವರು ನಮ್ಮಲ್ಲಿ ಕಡಿಮೆ.

ಹಾಗಾಗಿ ಮನೆಯಿಂದಲೇ ಆರಂಭಿಸಿದೆ. ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಟಾರ್ಪಾಲಿನಡಿ ಇರುವ ಅಂಬಾಸಿಡರಿನ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಪಾಯಿಂಟಿನ ಗ್ಯಾಪ್ ಎಷ್ಟಿರಬೇಕು ಎಂದು ಮಾವನನ್ನು ಕೇಳಿದೆ. ಇಂಚಿನ ಸಾವಿರ ಭಾಗದಲ್ಲಿ 15 ಎಂದು ನಾನು ಓದಿಕೊಂಡಿದ್ದೆ. ಮಾವ ಅಂಕಿ ಹೇಳಲಿಲ್ಲ. ಫೀಲರ್ ಗೇಜಿನ ತೆಳುತಗಡನ್ನು ನನ್ನ ಕೈಗೆ ಕೊಟ್ಟು, "ಎಳೆದು ನೋಡು. ಸ್ವಲ್ಪ ಹಿಡಿಯಬೇಕು, ಕಚ್ಚಬಾರದು" ಎಂದರು. ಆ ಮಾತನ್ನು ಬರೆದುಕೊಂಡಿದ್ದೇನೆ. ಆ ಹಿಡಿತ ಎಷ್ಟೆಂದು ಬರೆಯಲು ಮಾತ್ರ ಇನ್ನೂ ಬಂದಿಲ್ಲ.