ಕೊಪ್ಪಳ ಸೀಮೆಯ ಬಾನಿನಲ್ಲಿ ಉಲ್ಕಾಪಾತ

ಬೇಸಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಜನರಿಗೆ ಇರುಳಿನ ಆಕಾಶವು ಹೊಸದಲ್ಲ. "ಚಿಕ್ಕಿ ಬಿತ್ತು" ಎಂದು ಮಗ್ಗುಲು ಬದಲಿಸುವವರೂ, ಎಂದಾದರೊಮ್ಮೆ ಬೆಂಕಿಯ ಉಂಡೆಯೊಂದು ಅಂಗಳದಲ್ಲಿ ನೆರಳು ಮೂಡುವಷ್ಟು ಬೆಳಗಿ ಹಾಯ್ದುಹೋದರೆ ಎದ್ದು ಕುಳಿತುಕೊಳ್ಳುವರು. ಬೆಳಗಾದ ಮೇಲೆ ಪ್ರತಿಯೊಂದು ಊರಿನವರೂ ಅದು ತಮ್ಮ ಹೊಲದ ಆಚೆಗೇ ಬಿದ್ದಿತೆಂದು ಆಣೆಯಿಟ್ಟು ಹೇಳುವರು. ಈ ಆಣೆಯಲ್ಲಿ ಸತ್ಯವೆಷ್ಟು?

ವರಾಹಮಿಹಿರನು ಆರನೆಯ ಶತಮಾನದಲ್ಲಿ ತನ್ನ ಬೃಹತ್ಸಂಹಿತೆಯಲ್ಲಿ ಇವನ್ನು ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದಾಗಿ ವಿಂಗಡಿಸಿದನು. ಪುಣ್ಯಫಲವನ್ನು ಉಂಡು ತೀರಿಸಿ ಸ್ವರ್ಗದಿಂದ ಬೀಳುವವರ ರೂಪಗಳೇ ಉಲ್ಕೆಗಳೆಂಬುದು ಅಲ್ಲಿನ ಮತ. ಆ ಕಾರಣವನ್ನು ನಾವು ಒಪ್ಪಲಾರೆವು. ಐದು ಬಗೆಯನ್ನು ಗುರುತಿಸಿದ ಕಣ್ಣನ್ನು ಮಾತ್ರ ಮೆಚ್ಚಲೇಬೇಕು. ಯೂರೋಪಿನ ಪಂಡಿತರಾದರೋ ಆಕಾಶದಿಂದ ಕಲ್ಲು ಬೀಳುವುದೆಂದರೆ ಹಳ್ಳಿಗರ ಕಟ್ಟುಕಥೆಯೆಂದು ಬಹುಕಾಲ ನಕ್ಕರು. 1798ನೆಯ ಇಸವಿ ಡಿಸೆಂಬರಿನಲ್ಲಿ ಕಾಶಿಯ ಬಳಿ ಬಿದ್ದ ಕಲ್ಲುಗಳನ್ನೂ ಬೇರೆ ದೇಶಗಳ ಕಲ್ಲುಗಳನ್ನೂ ಎಡ್ವರ್ಡ್ ಹೊವಾರ್ಡನು ಪರೀಕ್ಷಿಸಿ, ಅವುಗಳಲ್ಲಿ ನಿಕ್ಕಲ್ ಲೋಹವಿರುವುದನ್ನು 1802ರಲ್ಲಿ ಪ್ರಕಟಿಸಿದ ಮೇಲೆ ಆ ನಗೆಯು ಅಡಗುತ್ತ ಬಂದಿತು. ನಮ್ಮ ನಾಡಿನಲ್ಲಿಯೂ 1865ರ ಸೆಪ್ಟೆಂಬರಿನಲ್ಲಿ ಮದ್ದೂರಿನ ಕಡೆಯೂ, ಮರುವರ್ಷ ಏಪ್ರಿಲಿನಲ್ಲಿ ಉಡುಪಿಯ ಬಳಿಯೂ ಇಂತಹ ಕಲ್ಲುಗಳು ಬಿದ್ದುವು.

ಅದೇ 1798ರಲ್ಲಿ ಜರ್ಮನಿಯ ಗಟ್ಟಿಂಗೆನ್ನಿನಲ್ಲಿ ಬ್ರಾಂಡೆಸ್, ಬೆಂಜೆನ್‌ಬರ್ಗ್ ಎಂಬ ಇಬ್ಬರು ವಿದ್ಯಾರ್ಥಿಗಳು ಕೆಲವು ಮೈಲಿಗಳ ಅಂತರದಲ್ಲಿ ನಿಂತು ಒಂದೇ ಉಲ್ಕೆಯನ್ನು ನೋಡಿದರು. ಇಬ್ಬರಿಗೂ ಅದು ಬೇರೆ ಬೇರೆ ನಕ್ಷತ್ರಗಳ ನಡುವೆ ಕಂಡಿತು. ಆ ವ್ಯತ್ಯಾಸದಿಂದಲೇ ಉಲ್ಕೆಗಳು ಮೋಡಗಳಿಗಿಂತ ಬಹಳ ಮೇಲೆ ಉರಿಯುವುವೆಂದು ಲೆಕ್ಕಹಾಕಿದರು. ಖರ್ಚಿಲ್ಲದ ವಿದ್ಯೆ!

ನಮ್ಮ ನಾಲ್ಕು ಊರುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಕುಷ್ಟಗಿಯು ಕೊಪ್ಪಳದಿಂದ ಬಡಗಲಿಗೆ ನೇರವಾಗಿ ಸುಮಾರು 45 ಕಿಲೋಮೀಟರು. 80 ಕಿಲೋಮೀಟರು ಎತ್ತರದಲ್ಲಿ ಉರಿಯುವ ಉಲ್ಕೆಯೊಂದು ಕೊಪ್ಪಳದವರಿಗೆ ನೆತ್ತಿಯ ಮೇಲಿದ್ದರೆ, ಕುಷ್ಟಗಿಯವರಿಗೆ ನೆತ್ತಿಯಿಂದ ತೆಂಕಲಿಗೆ ಸುಮಾರು 30 ಅಂಶ ವಾಲಿರುವುದು. ಹೊಲದ ಆಚೆಗೆ ಬಿದ್ದಿತೆಂಬುದು ಕಣ್ಣಿನ ಮೋಸ. ದಿಕ್ಕು ಮಾತ್ರ ನಿಜ. ಆದಕಾರಣ ಆಣೆಯಿಟ್ಟವನನ್ನು ಗದರಿಸದೆ, ಎಲ್ಲಿ ನಿಂತಿದ್ದೆ, ಯಾವ ಗುಡಿಯ ಶಿಖರದ ಹಿಂದೆ ಮರೆಯಾಯಿತು ಎಂದು ಕೇಳಿ ಬರೆದಿಡತಕ್ಕದ್ದು. ಗುಡುಗಿನಂತಹ ಸದ್ದು ಕೇಳಿಸಿದ್ದರೆ, ಬೆಳಕಿಗೂ ಸದ್ದಿಗೂ ನಡುವೆ ಎಷ್ಟು ಹೊತ್ತು ಕಳೆಯಿತೆಂಬುದನ್ನೂ ಕೇಳಬೇಕು. 40 ಕಿಲೋಮೀಟರು ದೂರದ ಸದ್ದಿಗೆ ಎರಡು ನಿಮಿಷ ಹಿಡಿಯುವುದು. ಅಷ್ಟರಲ್ಲಿ ಅನೇಕರು ಮತ್ತೆ ಮಲಗಿರುವರು.