ಸಂಖ್ಯೆ ಬಂದ ದಿನ, ಊಟ ಬಂದ ದಿನ

ಪತ್ರಿಕೋದ್ಯಮ ಓದುವಾಗ ನಮ್ಮ ತಲೆಗೆ ಮೊದಲು ತುಂಬಿದ ಪ್ರಶ್ನೆಗಳಲ್ಲಿ ಒಂದು: ಎಷ್ಟು? ಎಷ್ಟು ಎಕರೆ ಬೆಳೆ ಒಣಗಿತು, ಎಷ್ಟು ಜನ ಗುಳೆ ಹೋದರು, ಎಷ್ಟು ಮಕ್ಕಳ ತೂಕ ಕಡಿಮೆ ಇದೆ. ಹಳ್ಳಿಗಳಲ್ಲಿ ಓಡಾಡಿದ ಮೇಲೆ ಇನ್ನೊಂದು ಪ್ರಶ್ನೆ ಅದಕ್ಕಿಂತ ಮುಖ್ಯ ಅನ್ನಿಸಿದೆ. ಅದು ಗೊತ್ತಾಗಿದ್ದು ಯಾವಾಗ, ಗೊತ್ತಾದ ಮೇಲೆ ಏನು ಮಾಡಿದರು? ಕ್ಷಾಮದಲ್ಲಿ ಮಕ್ಕಳ ಹಸಿವನ್ನು ಅಳೆಯಲು ಜಗತ್ತು ಕಲಿತ ಕಥೆಯನ್ನು ಈ ಪ್ರಶ್ನೆ ಇಟ್ಟುಕೊಂಡು ಓದಿದರೆ ಅದು ಬೇರೆಯೇ ಕಥೆ.

ಆ ಕಥೆಯ ಒಂದು ಎಳೆ ನಮ್ಮ ನೆಲದಿಂದಲೇ ಶುರುವಾಗುತ್ತದೆ. 1876-78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ, ಬಳ್ಳಾರಿ, ಮದ್ರಾಸ್ ಪ್ರಾಂತ್ಯ ಎಲ್ಲವೂ ನಲುಗಿದವು. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಎಣಿಸಿದಾಗ ಸಿಕ್ಕವರು ಸುಮಾರು 42 ಲಕ್ಷ. ಅಂದರೆ ಬರದ ಲೆಕ್ಕ ಸಿಕ್ಕಿದ್ದು ಬರ ಮುಗಿದು ಮೂರು ವರ್ಷವಾದ ಮೇಲೆ. ಬರ ನಡೆಯುತ್ತಿದ್ದಾಗ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದ್ದ. ಇಷ್ಟರಲ್ಲಿ ದುಡಿಯುವ ದೇಹ ಉಳಿಯುವುದಿಲ್ಲ ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಿದ.

ಈ ಬರದ ನಂತರ 1880ರ ಕ್ಷಾಮ ಆಯೋಗ ವರದಿ ಕೊಟ್ಟಿತು. ಅದರಿಂದ ಕ್ಷಾಮ ಸಂಹಿತೆಗಳು ಹುಟ್ಟಿದವು. ಧಾನ್ಯದ ಬೆಲೆ ಏರಿದರೆ, ಸಾಲ ಹುಟ್ಟದಿದ್ದರೆ, ಕಳ್ಳತನ ಹೆಚ್ಚಿದರೆ, ಜನ ಊರು ಬಿಟ್ಟು ಅಲೆಯತೊಡಗಿದರೆ ಎಚ್ಚರವಾಗಿ ಎಂದು ಅವು ಅಧಿಕಾರಿಗಳಿಗೆ ಹೇಳಿದವು. ಇಂದಿನ ಕ್ಷಾಮ ಮುನ್ನೆಚ್ಚರಿಕೆ ವ್ಯವಸ್ಥೆಗಳ ಹಿರಿಯಜ್ಜ ಎಂದು ಇದನ್ನೇ ಕರೆಯುತ್ತಾರೆ. ಆದರೆ ಆ ಕಣ್ಣು ಹೆಚ್ಚಾಗಿ ಸಂತೆಯ ಮೇಲೆ, ರಸ್ತೆಯ ಮೇಲೆ ಇತ್ತು. ಮಗುವಿನ ಮೈಯನ್ನೇ ಅಳೆದು ನೋಡುವ ಅಭ್ಯಾಸ ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಅದಕ್ಕೆ ದಾರಿ ಮಾಡಿದ್ದು ಪಶ್ಚಿಮ ಆಫ್ರಿಕಾದ ಯುದ್ಧ. 1967ರಿಂದ 1970ರವರೆಗೆ ನೈಜೀರಿಯಾದಿಂದ ಬೇರೆಯಾಗಲು ಹೋರಾಡಿದ ಬಯಾಫ್ರಾ ದಿಗ್ಬಂಧನದಲ್ಲಿ ಸಿಕ್ಕಿ ಹಸಿಯಿತು. ಸಾವಿರಾರು ಮಕ್ಕಳು ಸಾಲುಗಟ್ಟಿ ನಿಂತಿರುವಾಗ ತಕ್ಕಡಿ ಹೊತ್ತು ತಿರುಗುವುದು ಕಷ್ಟ, ಮಗುವಿನ ವಯಸ್ಸು ಸರಿಯಾಗಿ ಗೊತ್ತಿರುವುದೂ ಅಪರೂಪ. ಅಲ್ಲಿ ಕೆಲಸ ಮಾಡುತ್ತಿದ್ದ ಕ್ವೇಕರ್ ಸೇವಾ ತಂಡ ಒಂದು ಕೋಲು ಮಾಡಿಕೊಂಡಿತು. ಮೊದಲು ಮಗುವಿನ ತೋಳಿನ ಸುತ್ತಳತೆ ತೆಗೆಯುವುದು. ಆಮೇಲೆ ಆ ಅಳತೆ ಬರೆದ ಗುರುತಿನ ಪಕ್ಕ ಮಗುವನ್ನು ನಿಲ್ಲಿಸುವುದು. ಮಗು ಗುರುತಿಗಿಂತ ಎತ್ತರವಿದ್ದರೆ, ಎತ್ತರಕ್ಕೆ ತಕ್ಕ ತೋಳಿಲ್ಲ ಎಂದರ್ಥ. ಆ ಮಗುವಿಗೆ ಮೊದಲು ಊಟ. ಅಳತೆಯೂ ತೀರ್ಮಾನವೂ ಒಂದೇ ಸಾಲಿನಲ್ಲಿ, ಒಂದೇ ನಿಮಿಷದಲ್ಲಿ.

ಈ ಕೋಲು ನಂಬಿಕೆಗೆ ಅರ್ಹವೇ ಎಂದು ಬಾಂಗ್ಲಾದೇಶದ ಮತ್ಲಬ್‌ನಲ್ಲಿ ಪರೀಕ್ಷಿಸಿದರು. ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅಳೆದು, ಮುಂದೆ ಅವರಿಗೆ ಏನಾಯಿತು ಎಂದು ನೋಡಿದರು. 1975ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದು ಇಷ್ಟು: ತೋಳು ಸೊರಗಿದ ಮಕ್ಕಳಲ್ಲಿ ಸಾವು ಹೆಚ್ಚು. ಆ ಕೋಲಿನ ಮೊಮ್ಮಗನೇ ಇಂದಿನ ಕೆಂಪು, ಹಳದಿ, ಹಸಿರು ಬಣ್ಣದ ಟೇಪು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 115 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಅದು ಕೆಂಪು, ಅಂದರೆ ತೀವ್ರ ಅಪಾಯ.

ಅಳತೆ ಸುಲಭವಾಯಿತು. ಕಿವಿಗೊಡುವುದು ಸುಲಭವಾಗಲಿಲ್ಲ. ಇಥಿಯೋಪಿಯಾದ ಪರಿಹಾರ ಆಯೋಗ 1984ರ ಮಾರ್ಚ್‌ನಲ್ಲೇ ದಾನಿ ದೇಶಗಳ ಮುಂದೆ ಬರಗಾಲದ ಲೆಕ್ಕ ಇಟ್ಟು ಬೇಡಿತ್ತು. ಜಗತ್ತು ಬೆಚ್ಚಿದ್ದು ಅಕ್ಟೋಬರ್ 23ರಂದು, ಮೈಕಲ್ ಬರ್ಕ್ ಮತ್ತು ಮೊಹಮದ್ ಅಮೀನ್ ಮಾಡಿದ ಬಿಬಿಸಿ ವರದಿ ಬಂದಾಗ. ಪತ್ರಕರ್ತರಾಗಿ ನಮಗೆ ಇದು ಹೆಮ್ಮೆಯ ವಿಷಯ ಅನ್ನಿಸಬೇಕಿತ್ತು. ಆದರೆ ನಡುವಿನ ಏಳು ತಿಂಗಳು ನೆನೆದರೆ ಹೆಮ್ಮೆ ಉಳಿಯುವುದಿಲ್ಲ.

ಆ ದುರಂತದ ನಂತರ, 1985ರಲ್ಲಿ, ಅಮೆರಿಕ ಕ್ಷಾಮ ಮುನ್ನೆಚ್ಚರಿಕೆಯ ಜಾಲವನ್ನು ಕಟ್ಟಿತು. ಮಳೆ, ಉಪಗ್ರಹ ಚಿತ್ರ, ಸಂತೆಯ ಬೆಲೆ ಎಲ್ಲವೂ ಒಂದೆಡೆ ಬಂದವು. ಸೊಮಾಲಿಯಾದಲ್ಲಿ 1994ರಿಂದ ಆಹಾರ ಭದ್ರತೆಯ ವಿಶ್ಲೇಷಣಾ ಘಟಕವೊಂದು ಕೆಲಸ ಶುರುಮಾಡಿತು. ಹಸಿವಿಗೆ ಒಂದರಿಂದ ಐದರವರೆಗೆ ದರ್ಜೆ ಕೊಡುವ ಐಪಿಸಿ ಮಾನದಂಡ 2004ರಲ್ಲಿ ಅಲ್ಲೇ ಹುಟ್ಟಿತು. ಐದನೆಯದು ಕ್ಷಾಮ. ಆ ಹೆಸರು ಹೇಳಲು ಮೂರು ಗೆರೆ ದಾಟಬೇಕು: ಶೇ 20ರಷ್ಟು ಮನೆಗಳಿಗೆ ಆಹಾರವೇ ಇಲ್ಲದ ಸ್ಥಿತಿ, ಶೇ 30ರಷ್ಟು ಮಕ್ಕಳಲ್ಲಿ ತೀವ್ರ ಸೊರಗುವಿಕೆ, ದಿನಕ್ಕೆ ಹತ್ತು ಸಾವಿರ ಜನರಲ್ಲಿ ಇಬ್ಬರ ಸಾವು.

ಮೂರನೆಯ ಗೆರೆಯನ್ನು ಮತ್ತೊಮ್ಮೆ ಓದಿ. ಅದನ್ನು ದಾಟುವ ಹೊತ್ತಿಗೆ ಜನ ಸಾಯುತ್ತಿರುತ್ತಾರೆ. ಎರಡನೆಯದರಲ್ಲೂ ಒಂದು ಮೌನವಿದೆ. ಸಮೀಕ್ಷೆಯವರು ಮನೆಗೆ ಬಂದು ತೂಗುವುದು, ಎತ್ತರ ಅಳೆಯುವುದು, ಪಾದ ಒತ್ತಿ ಬಾವು ಇದೆಯೇ ಎಂದು ನೋಡುವುದು ಬದುಕಿರುವ ಮಕ್ಕಳನ್ನು ಮಾತ್ರ. ಹೋದ ವಾರ ತೀರಿಕೊಂಡ ಮಗು ಅಪೌಷ್ಟಿಕತೆಯ ಶೇಕಡಾವಾರಿನಲ್ಲಿ ಇರುವುದಿಲ್ಲ.

2010ರ ಕೊನೆಯಲ್ಲಿ ಸೊಮಾಲಿಯಾದಲ್ಲಿ ಮಳೆ ಕೈಕೊಟ್ಟಿತು. ಎಚ್ಚರಿಕೆಯ ವರದಿಗಳು ಒಂದರ ಹಿಂದೊಂದು ಹೋದವು. ದಕ್ಷಿಣದ ಬಹುಭಾಗ ಅಲ್ ಶಬಾಬ್ ಹಿಡಿತದಲ್ಲಿತ್ತು. ವಿಶ್ವ ಆಹಾರ ಕಾರ್ಯಕ್ರಮ ಆ ವರ್ಷದ ಆರಂಭದಲ್ಲೇ ಅಲ್ಲಿಂದ ಹೊರಬಂದಿತ್ತು. ಭಯೋತ್ಪಾದನೆ ತಡೆ ಕಾನೂನುಗಳ ಭಯದಿಂದ ದಾನಿಗಳ ಕೈಯೂ ಬಿಗಿಯಾಗಿತ್ತು. ಕ್ಷಾಮ ಎಂದು ಘೋಷಿಸಿದ್ದು 2011ರ ಜುಲೈ 20ರಂದು. ನಂತರದ ಅಧ್ಯಯನದ ಅಂದಾಜಿನಂತೆ ಸತ್ತವರು 2,58,000. ಅವರಲ್ಲಿ ಅರ್ಧಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಸಾವಿನ ಅಲೆ ಮೇಲಕ್ಕೆದ್ದದ್ದು ಮೇ ತಿಂಗಳಿಂದ, ಅಂದರೆ ಘೋಷಣೆಗೆ ಮೊದಲು. ಮಾಹಿತಿ ಇತ್ತು. ಎಲ್ಲರೂ ಕಾದದ್ದು ಒಂದು ಪದಕ್ಕಾಗಿ.

ಹಾಗೆಂದು ಅಳತೆ ವ್ಯರ್ಥ ಎನ್ನಲು ನಮಗೆ ಮನಸ್ಸಿಲ್ಲ. 2017ರಲ್ಲಿ ಅದೇ ಸೊಮಾಲಿಯಾದಲ್ಲಿ ಮತ್ತೆ ಮಳೆ ಹೋಯಿತು. ಈ ಬಾರಿ ವರ್ಷದ ಆರಂಭದಲ್ಲೇ ಬಂದ ಎಚ್ಚರಿಕೆಗೆ ಹಣ ಬೇಗ ಬಂತು, ಮೊಬೈಲ್ ಮೂಲಕ ಕುಟುಂಬಗಳ ಕೈಗೇ ನಗದು ತಲುಪಿತು. ಸಂಕಟ ಇತ್ತು, ಆದರೆ ಕ್ಷಾಮ ಬರಲಿಲ್ಲ. ಅದೇ ಟೇಪು, ಅದೇ ದರ್ಜೆಗಳು. ಕೆಂಪು ಬಣ್ಣ ಕಂಡ ದಿನಕ್ಕೂ ಊಟ ಬಂದ ದಿನಕ್ಕೂ ನಡುವಿನ ಅಂತರ ಮಾತ್ರ ಬದಲಾಗಿತ್ತು.

2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ನಿಲ್ಲಿಸಿದಾಗ, 1985ರಲ್ಲಿ ಕಟ್ಟಿದ ಆ ಮುನ್ನೆಚ್ಚರಿಕೆ ಜಾಲದ ಜಾಲತಾಣ ತಿಂಗಳುಗಟ್ಟಲೆ ಮುಚ್ಚಿತ್ತು. ಆಗ ಸುಡಾನ್‌ನಲ್ಲಿ ಯುದ್ಧ ನಡೆಯುತ್ತಿತ್ತು. ಅಲ್ಲಿನ ಜಮ್‌ಜಮ್ ಶಿಬಿರದಲ್ಲಿ ಕ್ಷಾಮವಿದೆ ಎಂದು ಹಿಂದಿನ ಆಗಸ್ಟ್‌ನಲ್ಲೇ ಹೇಳಿಯಾಗಿತ್ತು. ಲೆಕ್ಕ ಇದ್ದೂ ಕೇಳದಿರುವುದು ಒಂದು ತಪ್ಪು. ಲೆಕ್ಕವನ್ನೇ ನಿಲ್ಲಿಸಿದರೆ ಕೇಳಲಿಲ್ಲ ಎಂದು ದೂರಲೂ ಆಧಾರ ಉಳಿಯುವುದಿಲ್ಲ.

ನಮ್ಮ ತಾಲ್ಲೂಕಿನ ಅಂಗನವಾಡಿಗಳಲ್ಲಿ ಕ್ಷಾಮವಿಲ್ಲ, ನಿಜ. ಆದರೂ ಅಲ್ಲಿ ಕಾರ್ಯಕರ್ತೆ ಮಗುವನ್ನು ತೂಗಿ ಮೊಬೈಲಿನಲ್ಲಿ ದಾಖಲಿಸುವುದನ್ನು ನೋಡುವಾಗ ಈ ಚರಿತ್ರೆ ನೆನಪಾಗುತ್ತದೆ. ಮುಂದಿನ ಸಲ ನಮ್ಮ ಟಿಪ್ಪಣಿ ಪುಸ್ತಕದಲ್ಲಿ ‘ಎಷ್ಟು’ ಎಂಬುದರ ಪಕ್ಕ ಎರಡು ತಾರೀಖು ಬರೆದುಕೊಳ್ಳೋಣ ಎಂದು ನಾವು ಮಾತಾಡಿಕೊಂಡಿದ್ದೇವೆ: ಸಂಖ್ಯೆ ಬಂದ ದಿನ, ಊಟ ಬಂದ ದಿನ.